ಅಣ್ಣನಾಗಿ ಬಂದ ಅನ್ನ

ನವೆಂಬರಿನ ಬೆಳಗು, ಆರು ಗಂಟೆ ಹತ್ತು ನಿಮಿಷ. ಚೋಶಿ ಬಂದರಿನ ಆಚೆ ಸೂರ್ಯ ಆಗಷ್ಟೇ ತಲೆ ಎತ್ತುತ್ತಿದ್ದಾನೆ. 'ಕಾಜಿಜೂಶಿ' ಎಂಬ ಎಂಟು ಸ್ಟೂಲುಗಳ ಸುಶಿ ಅಂಗಡಿಯ ಹಿಂಬದಿಯ ಅಡುಗೆಮನೆಯಲ್ಲಿ, ಪೂರ್ವದ ಕಿಟಕಿಗೆ ಮುಖ ಮಾಡಿ, ಎಪ್ಪತ್ತೊಂದು ವರ್ಷದ ಮಿಸಾವೊ ಗಿಡ್ಡ ಮಣೆಯ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಕಪ್ಪು ಮೆರುಗೆಣ್ಣೆಯ ತಟ್ಟೆ, ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ. ಬಿಸಿಲು ಅಡ್ಡಡ್ಡ ಬಂದು ತಟ್ಟೆಯ ಮೇಲೆ ಬಿದ್ದ ಕೂಡಲೇ ಅವರ ಬಲಗೈ ತೋರುಬೆರಳು ಓಡಾಡತೊಡಗುತ್ತದೆ. ನುಚ್ಚು ಎಡಕ್ಕೆ, ಇಡೀ ಕಾಳು ಬಲಕ್ಕೆ.

"ದೀಪದ ಕೆಳಗೆ ಎಲ್ಲಾ ಅಕ್ಕೀನೂ ಸಾಚಾನೇ. ಸೂರ್ಯನ ಮುಂದೆ ಇಡಿ, ನುಚ್ಚು ಯಾವುದು ಅಂತ ತಾನೇ ಒಪ್ಕೊಳ್ಳುತ್ತೆ," ಎನ್ನುತ್ತಾರೆ ತಲೆ ಎತ್ತದೆ. ನುಚ್ಚು ಬೆಂದರೆ ಗಂಜಿ ಬಿಡುತ್ತದೆ. ಗಂಜಿ ಬಿಟ್ಟರೆ ಅಗುಳಿಗೆ ಅಗುಳು ಅಂಟಿ ಮುದ್ದೆಯಾಗುತ್ತದೆ. ಮುದ್ದೆಯಾದ ಅನ್ನದ ಮೇಲೆ ಎಂಥ ಮೀನು ಮಲಗಿಸಿದರೂ ಅದು ಸುಶಿಯಲ್ಲ ಎಂಬುದು ಈ ಅಡುಗೆಮನೆಯ ಕಾನೂನು. ದಿನಕ್ಕೆ ಮೂರೂವರೆ ಕಿಲೊ ಅಕ್ಕಿ, ಹಿಡಿ ಹಿಡಿಯಾಗಿ, ಒಂದೂವರೆ ಗಂಟೆ. ಬುಧವಾರ ಒಂದು ಬಿಟ್ಟರೆ ನಲವತ್ತೆಂಟು ವರ್ಷಗಳಿಂದ ಇದೇ ಕಿಟಕಿ, ಇದೇ ತಟ್ಟೆ.

ಇಂಥ ಲೇಖನಗಳಲ್ಲಿ 'ತಾಳ್ಮೆಯ ಮೂರ್ತಿ' ಎಂದು ಬರೆದು ಕೈ ತೊಳೆದುಕೊಳ್ಳುವ ರೂಢಿಯಿದೆ. ಮಿಸಾವೊ ತಾಳ್ಮೆಯ ಮೂರ್ತಿಯಲ್ಲ. ಮೂಗಿನ ತುದಿಯಲ್ಲೇ ಕೋಪ. ಮಂಜು ಕವಿದರೆ ಸಮುದ್ರವನ್ನು ಬೈಯುತ್ತಾರೆ, ಯಾಕೆಂದರೆ ಆವತ್ತು ಅನ್ನದ ನೀರಿನ ಲೆಕ್ಕ ಅರ್ಧ ಲೋಟ ಆಚೀಚೆಯಾಗುತ್ತದೆ. ಊರಿನ ಅಂಗಡಿಗಳೆಲ್ಲ 'ಹೊಸ ಅಕ್ಕಿ ಬಂದಿದೆ' ಎಂದು ಬಾವುಟ ಕಟ್ಟಿರುವ ಈ ತಿಂಗಳಲ್ಲಿ ಅವರು ಹೋದ ವರ್ಷದ ಅಕ್ಕಿಯ ಮೂಟೆ ಬಿಚ್ಚುತ್ತಾರೆ. "ಹೊಸ ಅಕ್ಕಿಗೆ ಮೈ ತುಂಬಾ ನೀರು. ವಿನೆಗರ್ ಹಾಕಿದ್ರೆ ಕುಡಿಯೋಕೆ ಜಾಗ ಎಲ್ಲಿದೆ ಅದಕ್ಕೆ? ಹಳೇ ಅಕ್ಕಿಗೆ ಬಾಯಾರಿರುತ್ತೆ." ಹಳೆ ಅಕ್ಕಿಯ ಬೆಲೆ ಬಲ್ಲ ಯಾವ ಮನೆಯವರಾದರೂ ಈ ಮಾತಿಗೆ ತಲೆಯಾಡಿಸಿಯಾರು.

ಹೊರಗೆ ಬಾಗಿಲು ಸರಿದ ಸದ್ದು. ಬಂದರಿನಿಂದ ಮಿಸಾವೊ ಅವರ ಗಂಡ, ಅಂಗಡಿಯ ಯಜಮಾನ ಯಸುಜಿ ಬಂದರು. ವಯಸ್ಸು ಎಪ್ಪತ್ತೈದು. ಕೈಯಲ್ಲಿ ಬೂತಾಯಿ, ಬಂಗುಡೆ, ಒಂದು ದೊಡ್ಡ ಚಪ್ಪಟೆ ನಂಗು ಮೀನು. ಊರಿಗೆಲ್ಲ ಗೊತ್ತಿರುವ ಮುಖ ಇವರದು. ಬಿಳಿ ಅಂಗಿ ತೊಟ್ಟು ಕೌಂಟರಿನ ಹಿಂದೆ ನಿಂತರೆಂದರೆ ಗಿರಾಕಿಗಳು ಅವರ ಕೈಯನ್ನೇ ನೋಡುತ್ತಾ ಕೂರುತ್ತಾರೆ. ಹತ್ತು ವರ್ಷದ ಹಿಂದೆ ಒಂದು ಪತ್ರಿಕೆ ಬಂದು ಅವರ ಫೋಟೊ ತೆಗೆದು ಹಾಕಿತ್ತು. 'ಯಜಮಾನರ ಕೈಯ ಅನ್ನ ಬಾಯಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ' ಎಂದು ಕೆಳಗೆ ಬರೆದಿತ್ತು. ಆ ಪುಟ ಈಗಲೂ ಗೋಡೆಯ ಮೇಲಿದೆ. ಫೋಟೊದ ಬಲ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ಮಿಸಾವೊ ಅವರದು.

"ಮೊಣಕೈ ಚೆನ್ನಾಗೇ ಬಂದಿದೆ," ಎನ್ನುತ್ತಾರೆ ಮಿಸಾವೊ. "ಮೀನನ್ನ ಸಮುದ್ರ ಕೊಡುತ್ತೆ, ಇವರು ಹೆಚ್ತಾರೆ. ಅನ್ನ ಯಾರೂ ಕೊಡಲ್ಲ, ಮಾಡ್ಬೇಕು."

ಮಿಸಾವೊ ಮೀನುಗಾರರ ಮನೆಯವರಲ್ಲ. ಚೋಶಿಯ ಮೇಲ್ಬಯಲಿನ ಎಲೆಕೋಸಿನ ಹೊಲದಲ್ಲಿ ಹುಟ್ಟಿದವರು. ಇಪ್ಪತ್ತಮೂರಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ ಅವರಿಗೆ ಮೀನು ಎಂದರೆ ಹುರಿದ ಬೂತಾಯಿ, ಅಷ್ಟೇ. ಅಂಗಡಿಯವರ ಮಾತಂತೂ ಒಂದೂ ತಿಳಿಯುತ್ತಿರಲಿಲ್ಲ. ಸುಶಿ ಅಂಗಡಿಯವರಿಗೆ ಗಿರಾಕಿಗಳ ಮುಂದೆ 'ಇದು ಹಳೆಯದು, ಇದು ಹೊಸದು' ಎಂದು ಬಾಯಿಬಿಟ್ಟು ಹೇಳಲಾಗುತ್ತದೆಯೇ? ಅದಕ್ಕೆ ಮೊದಲು ಬಂದದ್ದು 'ಅಣ್ಣ', ಆಮೇಲೆ ಬಂದದ್ದು 'ತಮ್ಮ'. ಅಣ್ಣನನ್ನು ಮೊದಲು ಖರ್ಚು ಮಾಡಬೇಕು. ಮುಗಿದೇ ಹೋದರೆ ಅದು 'ಬೆಟ್ಟ'. ಬೆಟ್ಟದಲ್ಲಿ ಮೀನು ಎಲ್ಲಿ ಸಿಕ್ಕೀತು ಎಂದು ಅರ್ಥ.

ಮದುವೆಯಾಗಿ ಹನ್ನೆರಡನೆಯ ದಿನ. ಅಂಗಡಿ ತುಂಬಿದೆ. ಕೌಂಟರಿನ ಹಿಂದಿನಿಂದ ಮಾವ ಕೂಗಿದರು, "ಏ, ಅಣ್ಣನ್ನ ಮೊದಲು ಕಳಿಸು!" ಹೊಸ ಸೊಸೆ ಕೈ ಒರೆಸಿಕೊಂಡು ಮಹಡಿ ಹತ್ತಿದಳು. ಅಲ್ಲಿ ಯಸುಜಿಯ ಖಾಸಾ ಅಣ್ಣ ಮಿತ್ಸುವೊ, ಇಪ್ಪತ್ತು ದಿನ ದೋಣಿಯಲ್ಲಿದ್ದು ಬಂದವರು, ಗೊರಕೆ ಹೊಡೆಯುತ್ತಿದ್ದರು. ಅವರನ್ನು ಅಲುಗಾಡಿಸಿ ಎಬ್ಬಿಸಿ, ಮಾವ ಕರೀತಿದ್ದಾರೆ ಎಂದು ಕೆಳಗೆ ಕಳಿಸಿದಳು. ಬನಿಯನ್ನು, ಒಳಚಲ್ಲಣದಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಎಂಟು ಗಿರಾಕಿಗಳ ಮುಂದೆ ನಿಂತ ಮಿತ್ಸುವೊ ಕೇಳಿದರಂತೆ, "ಯಾರಪ್ಪಾ ಕರೆದಿದ್ದು? ಏನು ತಿನ್ನಿಸ್ತೀರಿ?"

"ಮಾವ ನಗಲಿಲ್ಲ. ಊರೆಲ್ಲಾ ನಕ್ಕಿತು," ಎನ್ನುತ್ತಾರೆ ಮಿಸಾವೊ. "ನೀನು ಕೌಂಟರ್ ಹತ್ರ ಬರಬೇಡ, ಹಿಂದೆ ಅನ್ನ ನೋಡ್ಕೋ ಅಂದ್ರು. ಶಿಕ್ಷೆ ಅಂತ ಕೊಟ್ಟಿದ್ದು. ನಾನು ಅದನ್ನೇ ರಾಜ್ಯ ಮಾಡ್ಕೊಂಡೆ."

ಆ ರಾಜ್ಯ ಆರು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಬೀಡುಕಬ್ಬಿಣದ ಹಂಡೆ, ದಪ್ಪ ಮರದ ಮುಚ್ಚಳ, ಅಗಲ ಬಾಯಿಯ ಮರದ ಬಾನಿ, ಮರದ ಸಟ್ಟುಗ, ಒಂದು ಬೀಸಣಿಗೆ. ಮಧ್ಯಾಹ್ನಕ್ಕೊಂದು ಹಂಡೆ, ಸಂಜೆಗೊಂದು ಹಂಡೆ. ಕುದಿಯುವ ಸದ್ದು ಕೇಳಿಯೇ ಉರಿ ಇಳಿಸುತ್ತಾರೆ, ಗಡಿಯಾರ ನೋಡುವುದಿಲ್ಲ. ಹಬೆಯಾಡುವ ಅನ್ನವನ್ನು ಬಾನಿಗೆ ಸುರಿದು, ವಿನೆಗರ್ ಚಿಮುಕಿಸಿ, ಸಟ್ಟುಗದ ಅಂಚಿನಿಂದ ಸೀಳುತ್ತಾ ಹೋಗಬೇಕು. ಕಲಸಿದರೆ ಕೆಟ್ಟಿತು. ಅದು ಮೈಬಿಸಿಗೆ ಇಳಿದಾಗ ಯಜಮಾನರ ಕೈಗೆ ಹೋಗುತ್ತದೆ. ದಿನಕ್ಕೆ ಮೂವತ್ತು ಗಿರಾಕಿಗಳು, ಸುಮಾರು ಮುನ್ನೂರೆಂಬತ್ತು ತುತ್ತು. ಈ ಅನ್ನವನ್ನು ಇಲ್ಲಿ 'ಶರಿ' ಎನ್ನುತ್ತಾರೆ. ಬುದ್ಧನ ಅಸ್ಥಿಯ ಬಿಳಿ ಚೂರುಗಳಿಗೆ 'ಶರೀರ' ಎನ್ನುತ್ತಿದ್ದರಂತೆ, ಆ ಮಾತೇ ಸಮುದ್ರ ದಾಟಿ ಬಂದು ಅನ್ನವಾಯಿತು ಎಂದು ಪಕ್ಕದ ಬೀದಿಯ ಗುಡಿಯ ಭಿಕ್ಷು ತಿನ್ನುವಾಗೆಲ್ಲ ಹೇಳುತ್ತಾರೆ. "ಸ್ವಾಮಿಗಳೇ, ಅಸ್ಥಿ ಗಿಸ್ಥಿ ಅಂತ ಊಟದ ಹೊತ್ತಲ್ಲಿ ಬೇಡ," ಎಂದು ಮಿಸಾವೊ ಒಳಗಿನಿಂದಲೇ ಗದರುತ್ತಾರೆ.

ಅವರ ರಾಜ್ಯದ ಒಂದೇ ಕಟ್ಟಳೆಯೆಂದರೆ ಹಂಡೆ ಖಾಲಿಯಾದರೆ ಅಂಗಡಿ ಮುಚ್ಚಬೇಕು. ಒಮ್ಮೆ ಊರಿನ ದೊಡ್ಡ ಕುಳವೊಂದು ಆರು ಜನ ಅತಿಥಿಗಳನ್ನು ಕಟ್ಟಿಕೊಂಡು ಸಂಜೆ ಏಳೂವರೆಗೆ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಮೀನು ಇತ್ತು, ಹಂಡೆಯಲ್ಲಿ ಅನ್ನ ಇರಲಿಲ್ಲ. ಯಸುಜಿ ಮುಖ ಸಣ್ಣ ಮಾಡಿಕೊಂಡು ಹಿಂದಕ್ಕೆ ನೋಡಿದರು. ಮಿಸಾವೊ ಪರದೆ ಸರಿಸಿ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿ ಹೇಳಿದರು, "ಅನ್ನ ಬೆಟ್ಟ." ಮೀನು ಅಲ್ಲೇ ಇದೆಯಲ್ಲಮ್ಮ ಎಂದರು ಅವರು. "ಮೀನು ನಾಳೆ ಅಣ್ಣ ಆಗುತ್ತೆ, ಪರವಾಗಿಲ್ಲ. ಅನ್ನಕ್ಕೆ ಆ ಭಾಗ್ಯ ಇಲ್ಲ." ಆ ಕುಳ ಮತ್ತೆ ಈ ಕಡೆ ತಲೆ ಹಾಕಿಲ್ಲ. ಮಿಸಾವೊ ಅದಕ್ಕೆ ಒಂದು ದಿನವೂ ಕೊರಗಿಲ್ಲ.

ಇಂಥ ಹೆಂಗಸಿನ ಹಂಡೆಯನ್ನು ಈ ವರ್ಷ ಎತ್ತಿ ಅಟ್ಟಕ್ಕೆ ಹಾಕಲಾಗಿತ್ತು. ಎತ್ತಿ ಹಾಕಿದವರು ಶತ್ರುಗಳಲ್ಲ.

ನಾಲ್ಕೈದು ವರ್ಷಗಳಿಂದಲೇ ಅವರ ಬಲಗೈ ಜೋಮು ಹಿಡಿಯುತ್ತಿತ್ತು. ಸಟ್ಟುಗ ಜಾರಿ ಬೀಳುತ್ತಿತ್ತು. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿದೆ, ಕೊಯ್ದು ಬಿಡಿಸಬೇಕು ಎಂದರು ವೈದ್ಯರು. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೂರು ವಾರ ಅಂಗಡಿಗೆ ಬೀಗ. ಬಾಗಿಲಿಗೆ ಯಸುಜಿ ಒಂದು ಚೀಟಿ ಅಂಟಿಸಿದರು, 'ಅನಿವಾರ್ಯ ಕಾರಣಗಳಿಂದ ಅಂಗಡಿ ಮುಚ್ಚಿದೆ' ಎಂದು. ಊರಿನವರು ಅದನ್ನು ಓದಿ ಯಜಮಾನರಿಗೆ ಏನೋ ಆಗಿದೆ ಎಂದುಕೊಂಡರು.

"ಹನ್ನೊಂದು ಜನ ಕಿತ್ತಳೆ ತಂದ್ರು. ಎಲ್ಲಾ ಇವರಿಗೇ," ಎಂದು ಮಿಸಾವೊ ಬೆರಳು ಮಡಿಸುತ್ತಾ ಎಣಿಸುತ್ತಾರೆ. "ಯಜಮಾನ್ರು ಹೇಗಿದ್ದಾರೆ, ಕತ್ತಿ ಹಿಡಿಯೋಕೆ ಆಗುತ್ತಂತಾ ಅಂತ ನನ್ನೇ ಕೇಳೋದು. ನನ್ನ ಕೈಗೆ ಮೊಣಕೈತನಕ ಪಟ್ಟಿ. ಬುಟ್ಟಿ ಇಸ್ಕೊಳ್ಳೋಕೂ ಆಗ್ತಿಲ್ಲ. ಒಬ್ಬರಿಗೂ ಕಾಣಲಿಲ್ಲ." ಈ ಮಾತನ್ನು ಅವರು ನಗುತ್ತಲೇ ಹೇಳುತ್ತಾರೆ, ಆದರೆ ಕಿತ್ತಳೆ ತಂದವರ ಸಂಖ್ಯೆಯನ್ನು ಮರೆತಿಲ್ಲ.

ಪಟ್ಟಿ ಬಿಚ್ಚಿ ವಾರ ಕಳೆದಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಅಂಗಡಿ ಮತ್ತೆ ತೆರೆಯುವ ದಿನ ಬೆಳಿಗ್ಗೆ ಮಿಸಾವೊ ಕೈ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಹಿಂದಿರುಗಿ ಬಂದು ನಾನೇ ಹಂಡೆ ಏರಿಸುತ್ತೇನೆ ಎಂದು ಹೇಳಿಹೋಗಿದ್ದರು. ಹನ್ನೊಂದಕ್ಕೆ ಹಿಂಬಾಗಿಲಿನಿಂದ ಒಳಗೆ ಬಂದರೆ ಒಲೆ ತಣ್ಣಗಿತ್ತು. ಹಂಡೆ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಅಟ್ಟದ ಮೇಲೆ ಬೋರಲಾಗಿತ್ತು. ನೆಲದ ಮೇಲೆ ಎರಡು ಬಿಳಿ ಪೆಟ್ಟಿಗೆ. ಎರಡು ಊರಾಚೆಯ ಕಾರ್ಖಾನೆಯೊಂದರಲ್ಲಿ ಯಂತ್ರ ಬೇಯಿಸಿ, ವಿನೆಗರ್ ಬೆರೆಸಿ, ವ್ಯಾನಿನಲ್ಲಿ ಕಳಿಸಿದ ಅನ್ನ. ಬಂದರಿನ ಮುಕ್ಕಾಲು ಪಾಲು ಸುಶಿ ಅಂಗಡಿಗಳು ಈಗ ತರಿಸುವುದು ಅದನ್ನೇ.

ಯಸುಜಿ ಇದನ್ನು ಹೆಂಡತಿಗೆ ಹೇಳದೆ ಮಾಡಿದ್ದರು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಇಕ್ಕಟ್ಟು ಅವರದು. ಆ ಅನ್ನವೂ ಬೇಕು, ಆ ಕೈಯೂ ಉಳಿಯಬೇಕು. ಕಡೆಗೆ ಕೈ ಉಳಿಯಲಿ ಎಂದುಕೊಂಡರು.

ಮಿಸಾವೊ ಮಹಡಿಗೆ ಹೋಗಿ, ಮಗಳ ಮದುವೆಗೆ ಹೊಲಿಸಿದ್ದ ಕಡುನೀಲಿ ಕೋಟು ಹಾಕಿಕೊಂಡು, ಕೂದಲು ಬಾಚಿ, ಹಿಂಬಾಗಿಲಿನಿಂದ ಹೊರಟು, ಬೀದಿ ಸುತ್ತಿ, ಮುಂಬಾಗಿಲಿಗೆ ಬಂದರು. ತಾವೇ ಪ್ರತಿದಿನ ಕಟ್ಟುವ ಬಾಗಿಲ ಪರದೆಯನ್ನು ಸರಿಸಿ ಒಳಗೆ ಕಾಲಿಟ್ಟು ಎಂಟನೆಯ ಸ್ಟೂಲಿನ ಮೇಲೆ ಕೂತರು. ನಲವತ್ತೆಂಟು ವರ್ಷದಲ್ಲಿ ಅವರು ಆ ಕಡೆ ಕೂತದ್ದು ಅದೇ ಮೊದಲು.

ಆವತ್ತು ಮೂರನೆಯ ಸ್ಟೂಲಿನಲ್ಲಿದ್ದವರು ಹೊಸಾಕಾ, ಸೋಯಾ ಸಾಸ್ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಪಕ್ಕ ಭಿಕ್ಷು. ಹೊಸಾಕಾ ಈ ಕಥೆಯನ್ನು ಊರಿನಲ್ಲಿ ಕನಿಷ್ಠ ನೂರು ಸಲ ಹೇಳಿದ್ದಾರೆ, ಒಂದು ಮಾತೂ ಬದಲಾಗಿಲ್ಲ.

"ಏ, ಅಲ್ಲೇನು ಮಾಡ್ತಿದ್ದೀಯ?" ಎಂದರು ಯಸುಜಿ.

"ಊಟಕ್ಕೆ ಬಂದೆ. ಗಿರಾಕಿಗೆ ಚಹಾ ಕೊಡಲ್ವಾ ಈ ಅಂಗಡೀಲಿ?"

ಚಹಾ ಕೊಡುವವರು ಎಂಟನೆಯ ಸ್ಟೂಲಿನಲ್ಲಿ ಕೂತಿದ್ದರು. ಯಸುಜಿ ಕತ್ತಿ ಕೆಳಗಿಟ್ಟು, ಒಳಗೆ ಹೋಗಿ, ಡಬ್ಬಿ ಹುಡುಕಿ, ಎರಡು ಲೋಟ ಬೀಳಿಸಿ, ಕಡೆಗೆ ಚಹಾ ತಂದಿಟ್ಟರು. ಮಿಸಾವೊ ಬೂತಾಯಿ ಕೇಳಿದರು. ತಿಂದರು. ನಂಗು ಕೇಳಿದರು. ತಿಂದರು. ಬಂಗುಡೆ ಕೇಳಿದರು. ಅದನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ತಟ್ಟೆಯಲ್ಲಿಟ್ಟರು. ಆ ಕೌಂಟರಿನ ಮೇಲೆ ತುತ್ತು ಅರ್ಧಕ್ಕೆ ನಿಂತದ್ದನ್ನು ಹೊಸಾಕಾ ಅದಕ್ಕೆ ಮೊದಲು ಕಂಡಿರಲಿಲ್ಲ.

"ಯಜಮಾನ್ರೇ, ಈ ಅನ್ನ ಹುಟ್ಟಿದ್ದು ಎಷ್ಟು ಗಂಟೆಗೆ?"

"ಬೆಳಗಿನ ಜಾವ ಮೂರಕ್ಕಂತೆ."

"ಈಗ ಹನ್ನೆರಡೂವರೆ. ಹಾಗಾದ್ರೆ ಇದು ಅಣ್ಣ."

ಗಿರಾಕಿಗಳ ಎದುರು ಅನ್ನಕ್ಕೆ ಅಣ್ಣ ಎನ್ನುವುದೆಂದರೆ ಅಂಗಡಿಯ ಮಾನ ಬೀದಿಗೆ ಎಳೆದಂತೆ. ಮೀನಿಗೆ ಅಣ್ಣನುಂಟು, ತಮ್ಮನುಂಟು. ಈ ಮನೆಯ ಅನ್ನಕ್ಕೆ ಅಣ್ಣ ಎಂಬುದೇ ಇರಲಿಲ್ಲ.

"ನೀನು ನನಗೆ ಏನು ಬೇಕಾದ್ರೂ ಅನ್ನು," ಎಂದರು ಯಸುಜಿ, ತಲೆ ತಗ್ಗಿಸಿ. "ನಿನ್ನ ಕೈ ನೋಡೋಕೆ ಆಗ್ಲಿಲ್ಲ ನನಗೆ. ರಾತ್ರಿ ನಿದ್ದೇಲಿ ಕೈ ಒದರ್ತೀಯ. ಪಕ್ಕದಲ್ಲಿ ಮಲಗಿರೋನು ನಾನು."

"ಕೈ ನೋಡ್ಬೇಡಿ. ಅನ್ನ ನೋಡಿ," ಎಂದರು ಮಿಸಾವೊ. "ನೋವು ನಂದು, ಅದನ್ನ ನಾನು ನೋಡ್ಕೋತೀನಿ. ಹಂಡೆನೂ ನಂದು. ಕೇಳದೆ ಎತ್ತಿಟ್ರಲ್ಲ, ನಿಮ್ಮ ಕತ್ತೀನ ನಾನು ಯಾವತ್ತಾದ್ರೂ ಮುಟ್ಟಿದೀನಾ?"

ಯಸುಜಿ ಬಿಳಿ ಅಂಗಿಯ ತೋಳು ಮೇಲೇರಿಸಿ ಒಳಗೆ ಹೋದರು. ಮರದ ಏಣಿ ಎಳೆದ ಸದ್ದು, ಪತ್ರಿಕೆಯ ಹಾಳೆ ಹರಿದ ಸದ್ದು ಕೇಳಿಸಿತು. ಹಂಡೆ ಕೆಳಗೆ ಇಳಿಯಿತು. ಮಿಸಾವೊ ಎದ್ದು ಕೋಟು ಬಿಚ್ಚಿ ಹೊಸಾಕಾ ಅವರ ಕೈಗೆ ಕೊಟ್ಟು, "ಒಂದೂವರೆ ಗಂಟೆ ಹಿಡಿಯುತ್ತೆ. ಹೋಗೋರು ಹೋಗಬಹುದು," ಎಂದರು. ಭಿಕ್ಷು ತಮ್ಮ ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಹೊಸಾಕಾ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕಾದರು. "ಬೇರೆಯವರ ಹೆಂಡತಿ ಕೋಟು ಹಿಡ್ಕೊಂಡು ಅಷ್ಟು ಹೊತ್ತು ಕೂತಿದ್ದೆ ಅಂದ್ರೆ, ಆ ಅನ್ನ ಎಂಥದ್ದು ಅಂತ ಲೆಕ್ಕ ಹಾಕಿ," ಎನ್ನುತ್ತಾರೆ ಅವರು.

ಬಲಗೈಯಲ್ಲಿ ಬಲವಿರಲಿಲ್ಲ. ಅನ್ನ ಸೀಳಲು ಒಂದು ಕೈ, ಬೀಸಲು ಇನ್ನೊಂದು ಕೈ ಬೇಕು. ಹಿಂದೆಲ್ಲ ಎರಡನ್ನೂ ಒಬ್ಬರೇ ಮಾಡುತ್ತಿದ್ದರು. ಈಗ ಸಟ್ಟುಗವನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ಬೀಸಣಿಗೆ ಯಜಮಾನರ ಪಾಲಿಗೆ ಬಂತು. ಅಂದಿನಿಂದ ಇಂದಿನವರೆಗೂ ಹಾಗೆಯೇ ನಡೆಯುತ್ತಿದೆ. ಊರೆಲ್ಲ ಕೈ ನೋಡಲು ಬರುವ ಕುಶಲಕರ್ಮಿ ದಿನಕ್ಕೆ ಎರಡು ಸಲ ಹಿಂಬದಿಗೆ ಬಂದು, ಹೆಂಡತಿಯ ಮುಂದೆ ಬೀಸಣಿಗೆ ಹಿಡಿದು ನಿಲ್ಲುತ್ತಾರೆ.

"ಮೇಲಿಂದ ಬೀಸ್ಬೇಡಿ, ಪಕ್ಕದಿಂದ. ಸೊಳ್ಳೆ ಓಡಿಸ್ತಿದೀರಾ?"

"ಎಂಟು ತಿಂಗಳಾಯ್ತು, ಇನ್ನೂ ಬೈತೀಯಲ್ಲ."

"ಮಾವ ನನ್ನ ಹನ್ನೊಂದು ವರ್ಷ ಬೈದ್ರು. ನಿಮಗಿನ್ನೂ ಹತ್ತು ಚಿಲ್ಲರೆ ಬಾಕಿ ಇದೆ."

ಕಾರ್ಖಾನೆಯ ಮಾರಾಟದವರು ಸುಮ್ಮನಾಗಿಲ್ಲ. ಹೋದ ತಿಂಗಳೂ ಒಬ್ಬರು ಬಂದಿದ್ದರು. ಯಂತ್ರ ತಪ್ಪು ಮಾಡುವುದಿಲ್ಲ, ದಿನವೂ ಒಂದೇ ರುಚಿ, ಎಷ್ಟು ಹೊತ್ತಿಗೆ ಫೋನು ಮಾಡಿದರೂ ಪೆಟ್ಟಿಗೆ ಬರುತ್ತದೆ, ಅನ್ನ ಮುಗಿಯುವ ಮಾತೇ ಇಲ್ಲ ಎಂದರು. ಮಿಸಾವೊ ಚಹಾ ಕೊಟ್ಟು ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಯಂತ್ರಕ್ಕೆ ಇವತ್ತು ಮಂಜು ಬಿದ್ದಿದ್ದು ಗೊತ್ತಾ?" ಎಂದು ಕೇಳಿದರು. "ಅನ್ನ ಮುಗಿಯೋದೇ ಇಲ್ಲ ಅಂದ್ರೆ ನಾನು ಬೆಟ್ಟ ಅಂತ ಯಾವಾಗ ಹೇಳ್ಲಿ? ಹಾಗೆ ಹೇಳಿ ಬಾಗಿಲು ಹಾಕೋದರಲ್ಲೇ ನನ್ನ ಸುಖ ಇರೋದು." ಅವರು ಬಿಟ್ಟುಹೋದ ಹೆಸರಿನ ಚೀಟಿ ಈಗ ಎರಡು ಮಡಿಕೆಯಾಗಿ ಐದನೆಯ ಸ್ಟೂಲಿನ ಕಾಲಡಿ ಇದೆ. ಆ ಸ್ಟೂಲು ಮೊದಲು ಅಲುಗಾಡುತ್ತಿತ್ತು.

ಬಿಸಿಲು ಕಿಟಕಿಯ ಅಂಚು ದಾಟಿದೆ. ಇಂದಿನ ಮೂರೂವರೆ ಕಿಲೊ ಮುಗಿಯಿತು. ನುಚ್ಚು ಸಣ್ಣ ಬಟ್ಟಲಿನ ತುಂಬ ಇದೆ, ಅದು ಗಂಡಹೆಂಡಿರ ಬೆಳಗಿನ ಗಂಜಿಗೆ. ಮಿಸಾವೊ ಎಡಗೈಯನ್ನು ಒಮ್ಮೆ ಜಾಡಿಸುತ್ತಾರೆ. ಈಗ ಆ ಕೈಯೂ ಜೋಮು ಹಿಡಿಯುತ್ತಿದೆ. ಜನವರಿಯಲ್ಲಿ ಅದಕ್ಕೂ ಶಸ್ತ್ರಚಿಕಿತ್ಸೆ. ಇನ್ನಾದರೂ ವಿಶ್ರಾಂತಿ ಬೇಡವೇ ಎಂದು ಕೇಳಿದರೆ ಬಂಗುಡೆ ಸೀಳುತ್ತಿರುವ ಗಂಡನ ಕಡೆಗೆ ಗದ್ದ ತಿರುಗಿಸುತ್ತಾರೆ.

"ಮೊದಲು ಖರ್ಚಾಗಬೇಕಾದ್ದು ಅಣ್ಣ. ಇವರು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡೋರು. ಕತ್ತಿ ಕೆಳಗಿಡೋದಾದ್ರೆ ಮೊದಲು ಇವರು ಇಡಲಿ. ನಾನಿನ್ನೂ ತಮ್ಮ."

"ಕೇಳಿಸ್ತು," ಎಂದರು ಯಸುಜಿ ಆ ಕಡೆಯಿಂದ.

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಒಂದು ಆಸೆಯಿದೆ ಮಿಸಾವೊ ಅವರಿಗೆ, ಒಂದೇ ಒಂದು. ಅದನ್ನು ಅವರು ಯಾರನ್ನೂ ಕೇಳಲು ಹೋಗಿಲ್ಲ, ತಾವೇ ಪೂರೈಸಿಕೊಂಡಿದ್ದಾರೆ. ಅಕ್ಕಿಯ ಡಬ್ಬದ ಹಿಂದಿನಿಂದ ಒಂದು ಮರದ ಹಲಗೆ ತೆಗೆಯುತ್ತಾರೆ. ಜನವರಿಯಲ್ಲಿ ಬಾಗಿಲಿಗೆ ತೂಗುಹಾಕಲು ಈಗಲೇ ಬರೆದಿಟ್ಟದ್ದು. ಮಸಿಯ ಅಕ್ಷರಗಳು ಕೆಳಗೆ ಹೋದಂತೆ ತುಸು ನಡುಗಿವೆ, ಆದರೆ ದೊಡ್ಡದಾಗಿವೆ. 'ಯಜಮಾನರು ಗಟ್ಟಿಮುಟ್ಟಾಗಿದ್ದಾರೆ. ಈ ಅಂಗಡಿಯಲ್ಲಿ ನಲವತ್ತೆಂಟು ವರ್ಷದಿಂದ ಅನ್ನ ಮಾಡುತ್ತಿರುವವಳು ಮಿಸಾವೊ. ಅವಳ ಎಡಗೈಗೆ ಶಸ್ತ್ರಚಿಕಿತ್ಸೆ. ಮೂರು ವಾರ ಅನ್ನ ಬೆಟ್ಟ.'

ಯಸುಜಿ ಕೈ ಒರೆಸಿಕೊಂಡು ಬಂದು, ಕನ್ನಡಕ ಹಣೆಗೇರಿಸಿ, ಹಲಗೆಯನ್ನು ಮೇಲಿನಿಂದ ಕೆಳಗೆ ಓದುತ್ತಾರೆ. ಮತ್ತೊಮ್ಮೆ ಓದುತ್ತಾರೆ.

"ಇಷ್ಟುದ್ದ ಬರೆದಿದೀಯಲ್ಲ. ಬಾಗಿಲಲ್ಲಿ ನಿಂತು ಇದನ್ನೆಲ್ಲಾ ಯಾರು ಓದ್ತಾರೆ?"

ಮಿಸಾವೊ ಹಲಗೆ ಇಸಿದುಕೊಂಡು ಏಪ್ರನ್ನಿನ ಅಂಚಿನಿಂದ ಅದರ ಧೂಳು ಒರೆಸಿದರು.

"ಹಸಿದೋರು ಓದ್ತಾರೆ."